ಹಳದಿ ಪುಸ್ತಕ ಯಾಕೆ ನಿಲ್ಲಿಸಿದೆವು, ಫೀಸು ಯಾಕೆ ಏರಿಸಿದೆವು: ರೀಟೇಕ್ ಬ್ಯಾಚಿನವರಿಗೆ ಒಂದು ಪತ್ರ

ಸರಸ್ವತಿಪುರಂ, ಮೈಸೂರು

ನಮ್ಮ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ನಮಸ್ಕಾರ.

ಹೋದ ವಾರ ವಾಟ್ಸಾಪ್ ಗ್ರೂಪಿನಲ್ಲಿ ಎರಡೇ ಸಾಲು ಹಾಕಿ ಸುಮ್ಮನಾದೆ. ತಪ್ಪು ನನ್ನದೇ. "ರೀಟೇಕ್ ಬ್ಯಾಚಿಗೆ ಇನ್ನು ಮುಂದೆ 9,000, ಹಳದಿ ಪುಸ್ತಕ ಕೊಡುವುದಿಲ್ಲ" ಅಂತಷ್ಟೇ ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಂದು ರಾತ್ರಿಯಿಂದ ಫೋನು ನಿಂತಿಲ್ಲ. ಮೇಡಂ ಹತ್ತಿರವೂ ಕೇಳಿದ್ದೀರಿ, ತರಕಾರಿ ಅಂಗಡಿಯಲ್ಲಿ ನಿಲ್ಲಿಸಿ ಕೂಡ ಕೇಳಿದ್ದೀರಿ. ಹಾಗಾಗಿ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಬದಲಾಗಿರುವುದು ಇಷ್ಟು. ವಿದೇಶದಲ್ಲಿ ಓದುವುದಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವವರ ವರ್ಬಲ್ (ಇಂಗ್ಲಿಷ್ ಭಾಗದ) ರೀಟೇಕ್ ಬ್ಯಾಚಿನಲ್ಲಿ ಮೂವತ್ತು ಜನರ ಬದಲು ಎಂಟು ಜನ ಇರುತ್ತಾರೆ. ಮೂರು ವಾರದ ಕ್ಲಾಸು ಏಳು ವಾರ ಆಗಿದೆ. ಫೀಸು 3,500 ಇದ್ದದ್ದು 9,000 ಆಗಿದೆ, ಜಿಎಸ್‌ಟಿ ಬೇರೆ. ಮೂರು ಸಾವಿರ ಪದಗಳ ಹಳದಿ ಪುಸ್ತಕ ಇನ್ನು ಅಚ್ಚಾಗುವುದಿಲ್ಲ. ಜುಲೈ 1ರಿಂದ ಸೇರುವವರಿಗೆ ಇದು ಅನ್ವಯ. ಈಗಾಗಲೇ ದುಡ್ಡು ಕಟ್ಟಿದವರಿಗೆ ಹಳೇ ಫೀಸೇ, ಕ್ಲಾಸು ಮಾತ್ರ ಹೊಸ ರೀತಿಯದು. ಅವರಿಂದ ಒಂದು ರೂಪಾಯಿ ಜಾಸ್ತಿ ಕೇಳುವುದಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ, ಯಾಕೆಂದರೆ ಬೇಜಾರಾಗಿದ್ದು ಅಲ್ಲೇ. ಮಂಡ್ಯದ ಒಬ್ಬ ತಂದೆ "ಎರಡನೇ ಸಲ ಬರೆಸೋಕೆ ನೀವು ಮೂವತ್ತು ಸಾವಿರ ಕಿತ್ತಿರಿ" ಅಂದರು. ಸ್ವಾಮಿ, ಅದರಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಹೋದದ್ದು ಪರೀಕ್ಷೆ ನಡೆಸುವ ಇಟಿಎಸ್‌ಗೆ. ನಿಮ್ಮ ಕಾರ್ಡಿನಿಂದ ನೇರವಾಗಿ ಹೋಯಿತು. ತಾರೀಖು ಬದಲಾಯಿಸಿದರೆ ಅದಕ್ಕೊಂದು ಶುಲ್ಕ. ಪರೀಕ್ಷೆಯ ದಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಪುಕ್ಕಟೆ ಸ್ಕೋರ್ ಕಳಿಸಬಹುದು, ಆಮೇಲೆ ಕಳಿಸುವ ಪ್ರತಿಯೊಂದಕ್ಕೂ ಮತ್ತೆ ದುಡ್ಡು. ಬೆಂಗಳೂರಿಗೆ ಹೋಗಿ ಬರುವ ಖರ್ಚು, ಹಿಂದಿನ ರಾತ್ರಿ ಉಳಿಯುವ ಖರ್ಚು ಬೇರೆ. ಇದೆಲ್ಲ ಸೇರಿಸಿ "ಕ್ಲಾಸಿಗೆ ಖರ್ಚಾಯಿತು" ಅಂತ ಮನೆಯಲ್ಲಿ ಲೆಕ್ಕ ಬರೆದಿಡುತ್ತೀರಿ. ನಮ್ಮ ಕೈಗೆ ಬಂದದ್ದು 3,500.

ಈಗ 9,000ಕ್ಕೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಅಂದರೆ 1,620. ನೀವು ಕೊಡುವುದು 10,620. ಆ 1,620 ನಮ್ಮ ಮನೆಗೆ ಬರುವುದಿಲ್ಲ, ಆದರೂ ಬೈಗುಳ ನಮಗೇ. ಇರಲಿ, ಅಭ್ಯಾಸವಾಗಿದೆ.

ಇನ್ನೊಂದು ಲೆಕ್ಕ ನೋಡಿ. ಮೊದಲು ಮೂವತ್ತು ಜನ, ತಲಾ 3,500, ಮೂರು ವಾರಕ್ಕೆ 1,05,000. ಈಗ ಎಂಟು ಜನ, ತಲಾ 9,000, ಏಳು ವಾರಕ್ಕೆ 72,000. ಅದರಲ್ಲೇ ಪ್ರತಿಯೊಬ್ಬರಿಗೂ ಇಟಿಎಸ್‌ನ ವರ್ಬಲ್ ಅಭ್ಯಾಸದ ಅಸಲಿ ಪುಸ್ತಕ ಒಂದು. (ಮೊದಲು ಏನು ಕೊಡುತ್ತಿದ್ದಿರಿ ಅಂತ ಕೇಳಬೇಡಿ. ಕೆಳಗಿನ ಜೆರಾಕ್ಸ್ ಅಂಗಡಿಯವರು ಈಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.) "ಎರಡು ಬ್ಯಾಚ್ ಮಾಡಿದರೆ ನಿಮಗೆ ಲಾಭವೇ ಅಲ್ವಾ" ಅಂತ ಒಬ್ಬರು ಚುರುಕಾಗಿ ಕೇಳಿದರು. ಹೌದು, ಮಾಡಿದರೆ. ಇರುವುದು ನಾವಿಬ್ಬರೇ. ಒಬ್ಬೊಬ್ಬರ ತಪ್ಪು ತೆಗೆದು ಕೂತು ನೋಡುವ ಕೆಲಸವನ್ನು ದಿನಕ್ಕೆ ಹದಿನಾರು ಜನಕ್ಕೆ ಮಾಡುವ ಶಕ್ತಿ ಇಬ್ಬರಿಗೂ ಇಲ್ಲ.

ಈಗ ಎಲ್ಲರೂ ಕೇಳಿದ ಪ್ರಶ್ನೆಗೆ ಬರುತ್ತೇನೆ. "ಸಾರ್, ನಮ್ಮ ಅಣ್ಣ ಹಳದಿ ಪುಸ್ತಕ ಓದಿಯೇ ವರ್ಬಲ್‌ನಲ್ಲಿ 170ಕ್ಕೆ 162 ತೆಗೆದ. ಅದನ್ನೇ ನಿಲ್ಲಿಸಿದರೆ ಹೇಗೆ?"

ಆ ಅಣ್ಣ ನನಗೆ ಚೆನ್ನಾಗಿ ನೆನಪಿದ್ದಾನೆ. ಹೈಸ್ಕೂಲಿನಿಂದ ಲೈಬ್ರರಿಯಲ್ಲೇ ಬೆಳೆದ ಹುಡುಗ. ಕ್ಲಾಸಿಗೆ ಬಂದಾಗಲೂ ಕಂಕುಳಲ್ಲಿ ಒಂದು ಇಂಗ್ಲಿಷ್ ಕಾದಂಬರಿ. ಅವನಿಗೆ ನಾವು ಯಾವ ಪುಸ್ತಕ ಕೊಟ್ಟಿದ್ದರೂ 162 ಬರುತ್ತಿತ್ತು. ಅವನ ಹೆಸರನ್ನು ಗೋಡೆ ಮೇಲೆ ಬರೆಸಿಕೊಂಡು ನಾವು ಹೆಮ್ಮೆಪಟ್ಟೆವು, ಪುಸ್ತಕಕ್ಕೂ ಅದರ ಪಾಲು ಕೊಟ್ಟೆವು.

ನಿಜ ಹೇಳಬೇಕೆಂದರೆ ಹಳದಿ ಪುಸ್ತಕ ಮಾಡಿದ್ದು ಹಳೇ ಪರೀಕ್ಷೆಗೆ. ಆಗ ವಿರುದ್ಧಾರ್ಥದ ಪದ ಹುಡುಕುವ ಪ್ರಶ್ನೆಗಳಿದ್ದವು, ಪದಜೋಡಿಗಳ ಹೋಲಿಕೆ ಇತ್ತು. ಪದ ಗೊತ್ತಿದ್ದರೆ ಅಂಕ. 2011ರ ಆಗಸ್ಟ್‌ನಲ್ಲಿ ಆ ಎರಡು ಬಗೆಯ ಪ್ರಶ್ನೆಗಳೂ ಹೋದವು, 800ರ ಅಳತೆ ಹೋಗಿ 130ರಿಂದ 170ರ ಅಳತೆ ಬಂತು. ನಮ್ಮ ಪುಸ್ತಕ ಮಾತ್ರ ಎಲ್ಲೂ ಹೋಗಲಿಲ್ಲ. ಹಾಸನ, ಚಾಮರಾಜನಗರದಿಂದ ಮಕ್ಕಳು ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಬರುವವರನ್ನು ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಇದಕ್ಕೆ ಕ್ಷಮೆ ಇರಲಿ.

ಕಣ್ಣು ತೆರೆಸಿದ್ದು ಹೋದ ವರ್ಷದ ಒಬ್ಬ ಹುಡುಗಿ. ಮೊದಲ ಸಲ 149. ಮೂರು ಸಾವಿರ ಪದಗಳನ್ನೂ ಬಾಯಿಪಾಠ ಮಾಡಿದಳು, ಯಾವ ಪುಟ ತೆರೆದು ಕೇಳಿದರೂ ಹೇಳುತ್ತಿದ್ದಳು. ಎರಡನೇ ಸಲ 150. ಈ ಪರೀಕ್ಷೆಯಲ್ಲಿ ಒಂದೆರಡು ಅಂಕ ಹೆಚ್ಚು ಕಮ್ಮಿ ಆಗುವುದು ಮಾಮೂಲಿ, ಹಾಗಾಗಿ ಆ ಒಂದು ಅಂಕವೂ ನಮ್ಮದಲ್ಲ. ಅವಳು ಅಳಲಿಲ್ಲ. "ಸಾರ್, ಇನ್ಯಾವ ಪದ ಬಾಕಿ ಇದೆ?" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಮೇಡಂ ಅವಳನ್ನು ಕೂರಿಸಿಕೊಂಡು ಒಂದು ಅಭ್ಯಾಸ ಪರೀಕ್ಷೆ ಬರೆಸಿದರು. 27ರಲ್ಲಿ 13 ತಪ್ಪು. ಒಂದೊಂದನ್ನೂ ಹಿಡಿದು ಕೇಳುತ್ತಾ ಹೋದರೆ, ಪದ ಗೊತ್ತಿಲ್ಲದೆ ತಪ್ಪಿದ್ದು ಮೂರೇ ಮೂರು! ಮಿಕ್ಕ ಹತ್ತರಲ್ಲಿ ಪದಗಳೆಲ್ಲ ಅವಳಿಗೆ ಗೊತ್ತು.

ಅದು ಹೇಗೆ ಅಂತೀರಾ? 'ಸ್ಯಾಂಕ್ಷನ್' ತಗೊಳ್ಳಿ. ಹಳದಿ ಪುಸ್ತಕದಲ್ಲಿ ಎದುರಿಗೆ "ಮಂಜೂರಾತಿ" ಅಂತಿದೆ. ಅದೇ ಪದಕ್ಕೆ ನಿರ್ಬಂಧ, ದಂಡನೆ ಅನ್ನುವ ಅರ್ಥವೂ ಇದೆ. ಯಾವುದು ಅಂತ ವಾಕ್ಯ ಹೇಳಬೇಕು. 'ಕ್ವಾಲಿಫೈಡ್' ಅಂದರೆ ನಮ್ಮ ಮಕ್ಕಳಿಗೆ ಡಿಗ್ರಿ ಇರುವವನು. ಪರೀಕ್ಷೆಯಲ್ಲಿ 'ಕ್ವಾಲಿಫೈಡ್' ಹೊಗಳಿಕೆ ಬಂದರೆ ಅದು ಷರತ್ತು ಹಾಕಿದ, ಅರೆಮನಸ್ಸಿನ ಹೊಗಳಿಕೆ. 'ಡಿಸ್‌ಇಂಟರೆಸ್ಟೆಡ್' ಅಂದರೆ ಆಸಕ್ತಿ ಇಲ್ಲದವನು ಅಂತ ಬರೆಯುತ್ತಾರೆ, ಕೇಳಿರುವುದು ಪಕ್ಷಪಾತ ಇಲ್ಲದವನು ಅನ್ನುವ ಅರ್ಥದಲ್ಲಿ. ಇವೆಲ್ಲ ಕಷ್ಟದ ಪದಗಳೇ ಅಲ್ಲ. ಗೊತ್ತಿದೆ ಅಂದುಕೊಂಡ ಪದಗಳು, ಅದೇ ತೊಂದರೆ.

ವಾಕ್ಯ ತುಂಬುವ ಪ್ರಶ್ನೆಗೆ ಈಗ ಮೊದಲ ದಿನವೇ ಕನ್ನಡದ ಒಂದು ಸಾಲು ಕೊಡುತ್ತೇನೆ. "ಊರೆಲ್ಲ ಅವನನ್ನು ಜಿಪುಣ ಅಂದರೂ, ಮಗಳ ಮದುವೆಯಲ್ಲಿ ಅವನ ಕೈ ______." ತುಂಬಿ ಅಂದರೆ ಹಿಂದಿನ ಬೆಂಚಿನವರೂ "ಧಾರಾಳವಾಗಿತ್ತು" ಅನ್ನುತ್ತಾರೆ, ಆಯ್ಕೆಗಳನ್ನು ನೋಡುವ ಮೊದಲೇ. ಹೇಗೆ ಗೊತ್ತಾಯಿತು ಅಂದರೆ "ಅಂದರೂ" ತೋರಿಸುತ್ತಾರೆ. ಇಂಗ್ಲಿಷಿನಲ್ಲಿ ಆ "ಅಂದರೂ" ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವುದನ್ನೇ ಎರಡು ವಾರ ಮಾಡುತ್ತೇವೆ. ಆರು ಆಯ್ಕೆಗಳಲ್ಲಿ ಎರಡನ್ನು ಆರಿಸುವ ಪ್ರಶ್ನೆಯಲ್ಲೂ ಹೀಗೇ. ಪದಪಟ್ಟಿ ಓದಿದವರು ಸಮಾನಾರ್ಥಕ ಜೋಡಿ ಕಂಡ ತಕ್ಷಣ ಒತ್ತಿಬಿಡುತ್ತಾರೆ. ವಾಕ್ಯಕ್ಕೆ ಹೊಂದದ ಜೋಡಿಯನ್ನೂ ಅಲ್ಲಿ ಬೇಕಂತಲೇ ಇಟ್ಟಿರುತ್ತಾರೆ. ಒಂದು ಸರಿ, ಒಂದು ತಪ್ಪು ಆದರೆ ಅರ್ಧ ಅಂಕ ಅಂತ ಏನೂ ಇಲ್ಲ, ಸೊನ್ನೆ.

ವರ್ಬಲ್‌ನಲ್ಲಿ ಹೆಚ್ಚು ಕಮ್ಮಿ ಅರ್ಧ ಭಾಗ ಪ್ಯಾಸೇಜ್ ಓದಿ ಉತ್ತರಿಸುವುದು. ಅದಕ್ಕೆ ಪದಪಟ್ಟಿಯಿಂದ ಸಿಗುವ ಸಹಾಯ ತೀರಾ ಕಮ್ಮಿ. ಇದು ಮೇಡಂ ಪಾಲಿನ ಕೆಲಸ. ಇಂಜಿನಿಯರಿಂಗ್ ಓದಿದ ಮಕ್ಕಳ ತೊಂದರೆ ಏನೆಂದರೆ ವಿಜ್ಞಾನದ ಪ್ಯಾಸೇಜ್ ಬಂದರೆ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಲೇಖಕ ಅದನ್ನು ಹೇಳಿಯೇ ಇರುವುದಿಲ್ಲ. "ಇದು ನಿಜ ಅಲ್ವಾ ಮೇಡಂ?" ಅಂತ ವಾದಕ್ಕೂ ನಿಲ್ಲುತ್ತಾರೆ. ನಿಜ ಇರಬಹುದು. ಯಾವ ಸಾಲಿನಲ್ಲಿದೆ ತೋರಿಸು ಅಂದರೆ ಇರುವುದಿಲ್ಲ. ಮೂವತ್ತು ಜನರ ಕ್ಲಾಸಿನಲ್ಲಿ ಪ್ರತಿಯೊಬ್ಬರಿಗೂ "ಸಾಲು ತೋರಿಸು" ಅನ್ನುವುದಕ್ಕೆ ಆಗುವುದಿಲ್ಲ. ಎಂಟು ಜನ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಹಳದಿ ಪುಸ್ತಕದ ಜಾಗದಲ್ಲಿ ಈಗ ಇನ್ನೂರು ಪುಟದ ಖಾಲಿ ನೋಟ್‌ಬುಕ್. ಅದರಲ್ಲಿ ನೀವು ನಿಮ್ಮ ತಪ್ಪುಗಳನ್ನೇ ಬರೆಯಬೇಕು. ಯಾವ ಉತ್ತರ ಒತ್ತಿದೆ, ಅದು ಯಾಕೆ ಸರಿ ಅನ್ನಿಸಿತು, ಯಾವ ಪದ ನೋಡಿದ್ದರೆ ತಪ್ಪು ಅಂತ ಗೊತ್ತಾಗುತ್ತಿತ್ತು. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಅಸಲಿ ಪರೀಕ್ಷೆಯ ಪ್ರಶ್ನೆಗಳು ನಿಮ್ಮ ಕೈಗೆ ವಾಪಸ್ ಸಿಗುವುದಿಲ್ಲ, ಹಾಗಾಗಿ ಅಭ್ಯಾಸದ ತಪ್ಪುಗಳೇ ನಮಗಿರುವ ಆಸ್ತಿ. ಹೊಸ ಪದವನ್ನೂ ಸೇರಿಸಿಕೊಳ್ಳಿ, ಆದರೆ ಅದು ಸಿಕ್ಕಿದ ಪೂರ್ತಿ ವಾಕ್ಯದ ಸಮೇತ. ಸುಮ್ನೆ ಪದ, ಅರ್ಥ ಅಂತ ಬರೆದ ಪುಟವನ್ನು ನಾನು ನೋಡುವುದಿಲ್ಲ.

ಸಮಯದ ವಿಷಯ ಸ್ವಲ್ಪ ಹೇಳಬೇಕು. 2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆ ಚಿಕ್ಕದಾಗಿದೆ, ಒಟ್ಟು ಒಂದು ಗಂಟೆ 58 ನಿಮಿಷ. ವರ್ಬಲ್‌ನ ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಮೊದಲ ಭಾಗ ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೆಯದು ಎಷ್ಟು ಕಷ್ಟದ್ದು ಅಂತ ತೀರ್ಮಾನ ಆಗುತ್ತದೆ. ಮೊದಲ ಸಲ ಬರೆದವರಲ್ಲಿ ಬಹಳ ಜನ ಆ 12ರಲ್ಲೇ ಒಂದು ಉದ್ದದ ಪ್ಯಾಸೇಜಿಗೆ ಆರೇಳು ನಿಮಿಷ ಸುರಿದು ಬಂದಿರುತ್ತಾರೆ. ಗುರುತು ಹಾಕಿ ಮುಂದೆ ಹೋಗಿ, ಅದೇ ಭಾಗದಲ್ಲಿ ಮತ್ತೆ ವಾಪಸ್ ಬರಬಹುದು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಇಷ್ಟನ್ನು ಹೇಳುವುದಕ್ಕೆ ಫೀಸು ಬೇಕಿಲ್ಲ, ಅದಕ್ಕೇ ಇಲ್ಲೇ ಹೇಳಿದೆ.

"ಇಪ್ಪತ್ತೊಂದು ದಿನಕ್ಕೆ ಮತ್ತೆ ಬರೆಯಬಹುದಂತೆ, ಬರೆಸಿಬಿಡಿ" ಅನ್ನುವ ತಂದೆ ತಾಯಿಯರಿಗೆ ಒಂದು ಮಾತು. ನಿಯಮ ಹೌದು, 21 ದಿನಕ್ಕೊಮ್ಮೆ, ಹನ್ನೆರಡು ತಿಂಗಳಲ್ಲಿ ಐದು ಸಲ. ಆದರೆ ಓದುವ ಅಭ್ಯಾಸ 21 ದಿನದಲ್ಲಿ ಬದಲಾಗುವುದನ್ನು ನಾನು ಕಂಡಿಲ್ಲ. ಕಡಿಮೆ ಬಂದರೆ ಅಂತ ಭಯವೂ ಬೇಡ. ಯಾವ ತಾರೀಖಿನ ಸ್ಕೋರ್ ಕಳಿಸಬೇಕು ಅನ್ನುವುದನ್ನು ನೀವೇ ಆರಿಸಬಹುದು, ಸ್ಕೋರಿಗೆ ಐದು ವರ್ಷ ಆಯಸ್ಸಿದೆ. ವಿಶ್ವವಿದ್ಯಾಲಯದ ಅರ್ಜಿಗೆ ಡಿಸೆಂಬರ್ ಗಡುವು ಇರುವವರು ಅಕ್ಟೋಬರ್ ಒಳಗೆ ಬರೆದು ಮುಗಿಸಿ, ಸ್ಕೋರ್ ಬರುವುದಕ್ಕೇ ಎಂಟು ಹತ್ತು ದಿನ ಬೇಕು.

ಕೆಲವರಿಗೆ ರೀಟೇಕ್ ಬೇಕಾಗೇ ಇಲ್ಲ. ನೀವು ಹಾಕುವ ಕೋರ್ಸು ಜಿಆರ್‌ಇ ಕೇಳುತ್ತದೋ ಇಲ್ಲವೋ ಮೊದಲು ನೋಡಿ, ಈಗ ಎಷ್ಟೋ ಕಡೆ ಕಡ್ಡಾಯ ಇಲ್ಲ. ಕ್ವಾಂಟ್ (ಗಣಿತದ ಭಾಗ) 167 ಬಂದು ವರ್ಬಲ್ 153 ಇರುವ ಕಂಪ್ಯೂಟರ್ ಸೈನ್ಸ್ ಹುಡುಗನಿಗೆ ಹೋದ ತಿಂಗಳು ನಾನೇ ಹೇಳಿ ಕಳಿಸಿದೆ: ಆ ದುಡ್ಡು ಉಳಿಸು, ಎಸ್‌ಒಪಿ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆದು ಕಳಿಸುವ ಬರಹ) ಚೆನ್ನಾಗಿ ಬರಿ. ಮೇಡಂಗೆ ಇದು ಅಷ್ಟು ಇಷ್ಟವಾಗಲಿಲ್ಲ, ಬ್ಯಾಚಿನಲ್ಲಿ ಒಂದು ಸೀಟು ಖಾಲಿ ಇತ್ತು.

ಇಷ್ಟು ಅಂಕ ಏರುತ್ತದೆ ಅಂತ ಮಾತು ಕೊಡುವುದಿಲ್ಲ. ಆ 150ರ ಹುಡುಗಿ ನೋಟ್‌ಬುಕ್ ಹಿಡಿದು ಎಂಟು ವಾರ ಕೂತಳು, 156 ಬಂತು. ಅವಳಿಂದ ಮೂರನೇ ಸಲ ಫೀಸು ತಗೊಂಡಿಲ್ಲ, ತಗೊಳ್ಳುವ ಮುಖವೂ ಇರಲಿಲ್ಲ. ಹಳದಿ ಪುಸ್ತಕ ನಂಬಿ ನಮ್ಮಲ್ಲೇ ಎರಡು ಸಲ ಕಲಿತು ಅಂಕ ಏರದವರು ಇನ್ನೂ ಯಾರಾದರೂ ಇದ್ದರೆ, ನಿಮಗೂ ಹಾಗೇ. ಫೀಸಿನ ಮಾತೆತ್ತದೆ ಬನ್ನಿ. ಕಂತಿನಲ್ಲಿ ಕಟ್ಟುವವರು ಮೂರು ಕಂತು ಮಾಡಿಕೊಳ್ಳಿ, ನನಗೆ ಹೇಳಿದರೆ ಸಾಕು, ಕಾರಣ ಬೇಡ.

ಈ ಶನಿವಾರ ಸಂಜೆ ಐದರಿಂದ ಎಂಟರವರೆಗೆ ನಾವಿಬ್ಬರೂ ಕ್ಲಾಸಿನಲ್ಲೇ ಇರುತ್ತೇವೆ. ಬೈಯುವುದಿದ್ದರೂ ಅಲ್ಲೇ ಬಂದು ಬೈಯಿರಿ, ಕಾಫಿ ಇರುತ್ತದೆ. ಬರುವಾಗ ನಿಮ್ಮ ಸ್ಕೋರ್ ಶೀಟು ತನ್ನಿ. ಮೆಟ್ಟಿಲಿನ ಲೈಟ್ ಕೆಟ್ಟಿದೆ, ಮೊಬೈಲ್ ಟಾರ್ಚ್ ಹಾಕಿಕೊಂಡು ಹತ್ತಿ.

ಇತಿ ನಿಮ್ಮ,
ಸಾರ್ ಮತ್ತು ಮೇಡಂ