ಮೀಕೆ ಸಿನಿಮಾನ ಒಂದೇ ಸಾಲಲ್ಲಿ ತಳ್ಳಿಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ವೆಸ್ಟರ್ನ್ (ಅಂದ್ರೆ ಕೌಬಾಯ್) ಸಿನಿಮಾಗಳ ಬಗ್ಗೆ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಅಮೆರಿಕದ ಡೈರೆಕ್ಟರ್ ಜಾನ್ ಫೋರ್ಡ್ ಬಗ್ಗೆ ಬರೆದಿರೋ ಭಾಗನಂತೂ ಮನೇಲಿ ಎಲ್ರಿಗೂ ಓದಿ ಹೇಳ್ದೆ. ಆದ್ರೆ ಕೊನೇಲಿ ಜಪಾನಿನ ತಕಾಶಿ ಮೀಕೆ 2007ರಲ್ಲಿ ಮಾಡಿದ ‘ಸುಕಿಯಾಕಿ ವೆಸ್ಟರ್ನ್ ಜಾಂಗೊ’ಗೆ ಒಂದೇ ಒಂದು ಸಾಲು ಕೊಟ್ಟು, ಇಟಲಿ ಸಿನಿಮಾದ ನಕಲು, ನಟರಿಗೆ ನೆಟ್ಟಗೆ ಇಂಗ್ಲಿಷೇ ಬರಲ್ಲ ಅಂತ ಮುಗಿಸಿಬಿಟ್ಟಿದಾರೆ. ಇದು ನಂಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಲೇಖಕರು ತಪ್ಪು ಅಂತ ತೋರಿಸಿರೋ ಆ ಎರಡು ವಿಷಯಾನೇ ಡೈರೆಕ್ಟರ್ ಬೇಕೂಂತ್ಲೇ ಮಾಡಿರೋದು, ಅದನ್ನ ಬಿಟ್ರೆ ಆ ಸಿನಿಮಾನೇ ಇಲ್ಲ.

ನೋಡದೇ ಇರೋರಿಗೆ ಕತೆ ಹೇಳ್ತೀನಿ. ಬೆಟ್ಟದ ಮಧ್ಯೆ ಒಂದು ಹಾಳೂರು, ಅಲ್ಲಿ ನಿಧಿ ಇದೆ ಅಂತ ಎರಡು ಗ್ಯಾಂಗು ಬಂದು ಕೂತಿವೆ, ಕೆಂಪು ಬಟ್ಟೆಯವರು ಹೈಕೆ, ಬಿಳಿ ಬಟ್ಟೆಯವರು ಗೆಂಜಿ. ಹೆಸರೇ ಇಲ್ಲದ ಒಬ್ಬ ಗನ್‌ಮ್ಯಾನ್ ಕುದುರೆ ಮೇಲೆ ಬಂದು, ಯಾರು ಜಾಸ್ತಿ ಕೊಡ್ತೀರೋ ಅವರ ಕಡೆ ಅಂತಾನೆ. ಊರಿನ ಮನೆ ನೋಡಿದ್ರೆ ಜಪಾನಿನದು, ಸೊಂಟದಲ್ಲಿ ಪಿಸ್ತೂಲು, ಕೆಲವರ ಕೈಲಿ ಕತ್ತಿ, ಮಾತೆಲ್ಲಾ ಇಂಗ್ಲಿಷು. ಶುರುವಿನ ಸೀನಲ್ಲಿ ಬರೋದು ಅಮೆರಿಕದ ಡೈರೆಕ್ಟರ್ ಕ್ವೆಂಟಿನ್ ಟ್ಯಾರಂಟಿನೊ, ಹಿಂದೆ ಫ್ಯೂಜಿ ಬೆಟ್ಟ, ಅದು ನಮ್ಮ ನಾಟಕ ಕಂಪನಿ ಪರದೆ ಥರ ಬಣ್ಣ ಬಳಿದಿರೋದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಇದು ನಿಜವಾದ ಊರಲ್ಲ, ಸಿನಿಮಾದೊಳಗಿನ ಊರು ಅಂತ ಮೀಕೆ ಮೊದಲ ನಿಮಿಷದಲ್ಲೇ ಹೇಳ್ಬಿಡ್ತಾರೆ.

ಈಗ ಇಂಗ್ಲಿಷ್ ವಿಷಯಕ್ಕೆ ಬರ್ತೀನಿ. ಹಿದೆಯಾಕಿ ಇತೊ, ಕೊಯಿಚಿ ಸಾತೊ, ಯೂಸುಕೆ ಇಸೆಯಾ, ಕಾವೊರಿ ಮೊಮೊಯಿ ಇವರೆಲ್ಲಾ ಜಪಾನಲ್ಲಿ ದೊಡ್ಡ ಹೆಸರು ಮಾಡಿರೋ ನಟರು, ಇವರ ಕೈಲಿ ಜಪಾನಿ ಭಾಷೇಲೇ ಮಾತಾಡ್ಸೋದು ಸುಲಭ ಇತ್ತು, ಆದ್ರೂ ಪೂರ್ತಿ ಇಂಗ್ಲಿಷಲ್ಲಿ ಮಾತಾಡ್ಸಿದಾರೆ. ಉಚ್ಚಾರಣೆಲಿ ಜಪಾನಿ ಭಾಷೆಯ ಲಯ ಹಾಗೇ ಉಳ್ಕೊಂಡಿದೆ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಲ್ಲ, ಸ್ವಲ್ಪ ಹೊತ್ತು ಕಿವಿಗೆ ಕಷ್ಟ ಆಗುತ್ತೆ ನಿಜ. ಆದ್ರೆ 1960ರ ದಶಕದ ಇಟಲಿ ವೆಸ್ಟರ್ನ್‌ಗಳು ಹೇಗೆ ತಯಾರಾಗ್ತಿದ್ವು ಅಂತ ಲೇಖಕರಿಗೆ ಗೊತ್ತಿಲ್ಲದೆ ಇರುತ್ತಾ? ಶೂಟಿಂಗ್ ಸ್ಪೇನಿನ ಅಲ್ಮೇರಿಯಾ ಕಡೆ ಮರಳುಗಾಡಲ್ಲಿ, ಅದನ್ನೇ ಟೆಕ್ಸಾಸು ಮೆಕ್ಸಿಕೊ ಅಂತ ತೋರಿಸೋದು, ಒಬ್ಬ ನಟ ಇಂಗ್ಲಿಷಲ್ಲಿ ಡೈಲಾಗ್ ಹೇಳಿದ್ರೆ ಎದುರಿಗಿರೋನು ಇಟಾಲಿಯನ್ನಲ್ಲಿ ಉತ್ತರ ಕೊಡೋನು, ಆಮೇಲೆ ಸ್ಟುಡಿಯೋದಲ್ಲಿ ಎಲ್ಲಾರಿಗೂ ಡಬ್ಬಿಂಗು, ತುಟಿ ಒಂದು ಕಡೆ ಮಾತು ಇನ್ನೊಂದು ಕಡೆ. ಆ ಸಿನಿಮಾಗಳನ್ನ ನಾವೆಲ್ಲಾ ಕ್ಲಾಸಿಕ್ ಅಂತೀವಿ, ಸರಿಯಾಗೇ ಅಂತೀವಿ. ಜಗತ್ತಿಗೆಲ್ಲಾ ಅಷ್ಟು ಇಷ್ಟ ಆಗಿದ್ದ ಆ ಯಾರದ್ದೂ ಅಲ್ಲದ ಇಂಗ್ಲಿಷನ್ನೇ ಮೀಕೆ ತಮ್ಮ ನಟರ ಬಾಯಿಗೆ ಕೊಟ್ಟಿದಾರೆ. ಇಟಲಿಯವರು ಮಾಡಿದ್ರೆ ಸ್ಟೈಲು, ಜಪಾನಿನವರು ಮಾಡಿದ್ರೆ ಭಾಷೆ ಬರಲ್ಲ ಅನ್ನೋದು ಯಾವ ನ್ಯಾಯ ಸ್ವಾಮಿ.

ಇನ್ನು ನಕಲು ಅನ್ನೋ ಮಾತು. ಜಪಾನಿನ ಡೈರೆಕ್ಟರ್ ಅಕಿರಾ ಕುರೊಸಾವಾ 1961ರಲ್ಲಿ ‘ಯೊಜಿಂಬೊ’ ಮಾಡಿದ್ರು, ಎರಡು ಗ್ಯಾಂಗಿರೋ ಊರಿಗೆ ಒಬ್ಬ ಸಮುರಾಯ್ ಬಂದು ಇಬ್ಬರನ್ನೂ ಆಡ್ಸೋ ಕತೆ. ಕುರೊಸಾವಾಗೆ ಜಾನ್ ಫೋರ್ಡ್ ಸಿನಿಮಾಗಳಂದ್ರೆ ಪ್ರಾಣ, ಅದೂ ಅದರಲ್ಲಿ ಕಾಣುತ್ತೆ. 1964ರಲ್ಲಿ ಇಟಲಿಯ ಸರ್ಜಿಯೊ ಲಿಯೋನೆ ಅದೇ ಕತೆನ ಪರ್ಮಿಶನ್ ಇಲ್ದೆ ತಗೊಂಡು ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದ್ರು, ಕತ್ತಿ ಹೋಗಿ ಪಿಸ್ತೂಲ್ ಬಂತು ಅಷ್ಟೇ, ಜಪಾನಿನ ತೊಹೊ ಕಂಪನಿ ಕೇಸ್ ಹಾಕಿ ಕೊನೆಗೆ ಗಳಿಕೆಯಲ್ಲಿ 15 ಪರ್ಸೆಂಟ್ ಮತ್ತೆ ಜಪಾನಿನ ಹಂಚಿಕೆ ಹಕ್ಕು ತಗೊಂಡು ರಾಜಿ ಆಯ್ತು. ಎರಡು ವರ್ಷ ಆದ್ಮೇಲೆ 1966ರಲ್ಲಿ ಸರ್ಜಿಯೊ ಕೊರ್ಬುಚಿ ಅದೇ ದಾರಿ ಹಿಡಿದು ‘ಜಾಂಗೊ’ ಮಾಡಿದ್ರು, ಕೆಸರಲ್ಲಿ ಶವಪೆಟ್ಟಿಗೆ ಎಳ್ಕೊಂಡು ಬರ್ತಾನಲ್ಲ ಫ್ರಾಂಕೊ ನೀರೊ, ಅದು. ಅಂದ್ರೆ ಜಪಾನಿನಿಂದ ಇಟಲಿಗೆ ಹೋದ ಕತೆ 40 ವರ್ಷ ಆದ್ಮೇಲೆ ಶವಪೆಟ್ಟಿಗೆ, ಒಳಗಿನ ಮಷೀನ್ ಗನ್ ಎಲ್ಲಾ ಹೊತ್ಕೊಂಡು ಮೀಕೆ ಸಿನಿಮಾದಲ್ಲಿ ವಾಪಸ್ ಮನೆಗೆ ಬಂದಿದೆ. ಹಳೇ ಜಾಂಗೊ ಹಾಡನ್ನ ಕೂಡ ಬಿಟ್ಟಿಲ್ಲ, ಅಲ್ಲಿನ ಎಂಕಾ (ಜಪಾನಿನ ಹಳೇ ಶೈಲಿಯ ಭಾವುಕ ಹಾಡು) ಗಾಯಕ ಸಬುರೊ ಕಿತಾಜಿಮಾ ಕೈಲಿ ಜಪಾನಿ ಭಾಷೇಲಿ ಹಾಡ್ಸಿದಾರೆ, ಆ ಗಂಟಲು ಕೇಳಿದ್ರೆ ಈ ಟ್ಯೂನ್ ಮೊದ್ಲಿಂದ್ಲೂ ಅಲ್ಲಿದೇ ಏನೋ ಅನ್ಸುತ್ತೆ.

ಕ್ಲೈಮ್ಯಾಕ್ಸ್ ಹೇಳ್ದೆ ಇದನ್ನ ವಿವರಿಸೋಕಾಗಲ್ಲ, ನೋಡ್ಬೇಕು ಅಂತಿರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹಿಮ ಬೀಳ್ತಾ ಇರುವಾಗ ಪಿಸ್ತೂಲಿನವನಿಗೂ ಕತ್ತಿಯವನಿಗೂ ಕಾದಾಟ ನಡೆದು ಎಲ್ಲಾ ಮುಗಿದ್ಮೇಲೆ, ಬದುಕುಳಿದ ಪುಟ್ಟ ಹುಡುಗ ಹೆಯ್ಹಾಚಿ ಮುಂದೆ ಇಟಲಿಗೆ ಹೋಗಿ ಜಾಂಗೊ ಅಂತ ಹೆಸರಾದ ಅಂತ ಬರುತ್ತೆ. ಅಷ್ಟೇ, ಒಂದೇ ಮಾತು. ಅದರಿಂದ ಕೊರ್ಬುಚಿ ಸಿನಿಮಾ ಇದರ ಮುಂದಿನ ಭಾಗ ಆಗ್ಬಿಡುತ್ತೆ, ಇಟಲಿಯ ಹೀರೋ ಜಪಾನಿನ ಮಗು ಆಗ್ಬಿಡ್ತಾನೆ. ಇದನ್ನ ನೋಡಿದ್ಮೇಲೂ ನಕಲು ಅನ್ನೋದು ಹೇಗೆ?

ಹೈಕೆ, ಗೆಂಜಿ ಅನ್ನೋದೂ ಸುಮ್ನೆ ಇಟ್ಟ ಹೆಸರುಗಳಲ್ಲ, ಜಪಾನಿನ ಎರಡು ಯೋಧ ಮನೆತನಗಳು. 1185ರಲ್ಲಿ ದಾನ್-ನೊ-ಉರಾ ಸಮುದ್ರ ಯುದ್ಧದಲ್ಲಿ ಗೆಂಜಿಗಳು ಹೈಕೆಗಳನ್ನ ಪೂರ್ತಿ ನಾಶ ಮಾಡಿದ್ದು, ಕೆಂಪು ಬಾವುಟ ಬಿಳಿ ಬಾವುಟ, ಇದು ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತಿರೋ ಇತಿಹಾಸ. ಆ ಕಾಲದ ಕತೆ ಹೇಳೋ ಮಹಾಕಾವ್ಯ ‘ಹೈಕೆ ಮೊನೊಗಾತರಿ’ ಶುರುವಾಗೋದೇ ಬುದ್ಧ ಇದ್ದ ಜೇತವನದ ಗಂಟೆ ಸದ್ದು ಎಲ್ಲವೂ ಅನಿತ್ಯ ಅಂತ ಹೇಳುತ್ತೆ ಅನ್ನೋ ಮಾತಿಂದ. ಸಿನಿಮಾದ ಹೈಕೆ ನಾಯಕ ಕಿಯೊಮೊರಿ ಶೇಕ್ಸ್‌ಪಿಯರನ ‘ಹೆನ್ರಿ VI’ ಓದ್ಕೊಂಡು, ಇಂಗ್ಲೆಂಡಲ್ಲೂ ಕೆಂಪು ಗುಲಾಬಿ ಬಿಳಿ ಗುಲಾಬಿ ಯುದ್ಧ ನಡೆದಿತ್ತು ಅಂತ ತಿಳ್ಕೊಂಡು ನನ್ನನ್ನ ಹೆನ್ರಿ ಅಂತಾನೇ ಕರೀರಿ ಅಂತಾನೆ. ಆದ್ರೆ ಜಪಾನಿನ ಇತಿಹಾಸದಲ್ಲಿ ಗೆದ್ದಿದ್ದು ಬಿಳಿ, ಅವನು ಕೆಂಪು, ಅವನ ಹಣೆಬರಹ ಜಪಾನಿನ ಪ್ರೇಕ್ಷಕರಿಗೆ ಮೊದ್ಲೇ ಗೊತ್ತು. ಜಪಾನಲ್ಲಿ ಎಲ್ರೂ ಪ್ರೀತಿಸೋ ಗೆಂಜಿ ವೀರ ಯೊಶಿತ್ಸುನೆನ ಮೀಕೆ ಒಬ್ಬ ಕ್ರೂರಿ ಮಾಡಿ ತೋರಿಸಿದಾರೆ, ಅದಕ್ಕೆ ಧೈರ್ಯ ಬೇಕು.

ಸಿನಿಮಾದಲ್ಲಿ ಕೊರತೆ ಇಲ್ಲ ಅಂತ ನಾನು ಹೇಳಲ್ಲ. ಮಧ್ಯದಲ್ಲಿ ಎಳೆಯುತ್ತೆ, ಶೆರಿಫ್ ಪಾತ್ರ ಅತಿ ಆಯ್ತು, ಪುಟ್ಟ ಹುಡುಗನ ತಾಯಿ ಶಿಜುಕಾಗೆ ಆಗೋ ಹಿಂಸೆನ ಅಷ್ಟು ಹೊತ್ತು ತೋರಿಸ್ಬೇಕಿರಲಿಲ್ಲ, ಅದು ನಂಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಲೇಖಕರು ಇದನ್ನೆಲ್ಲಾ ಬರೆದು ಬೈದಿದ್ರೆ ನಾನೂ ಹೌದು ಅಂತಿದ್ದೆ. ಆ ವರ್ಷ ವೆನಿಸ್ ಫೆಸ್ಟಿವಲ್‌ನ ಸ್ಪರ್ಧೆಗೆ ಆಯ್ಕೆಯಾದ ಸಿನಿಮಾ ಇದು, ಬೈಯೋದಾದ್ರೂ ನೋಡಿ ಬೈಯಲಿ.

ಅದೇ ಲೇಖನದಲ್ಲಿ ನಮ್ಮ ರಾಮನಗರದ ಬಂಡೆಗಳ ಮಧ್ಯೆ ತೆಗೆದ ‘ಶೋಲೆ’ನ (1975) ಬಾಯ್ತುಂಬಾ ಹೊಗಳಿದಾರೆ, ಸಂತೋಷ. ಆದ್ರೆ ಶೋಲೆಗೂ ಬೇರು ಕುರೊಸಾವಾನ ‘ಸೆವೆನ್ ಸಮುರಾಯ್’ ಮತ್ತೆ ಅದರಿಂದ ಹುಟ್ಟಿದ ಅಮೆರಿಕನ್ ವೆಸ್ಟರ್ನ್‌ಲ್ಲಿದೆ, ಲಿಯೋನೆದೂ ಸಾಕಷ್ಟಿದೆ. ಅದಕ್ಕೆ ಒಂದು ಅಳತೆ, ಮೀಕೆಗೆ ಇನ್ನೊಂದು ಅಳತೆ ಆಗ್ಬಾರ್ದು.

ದಯವಿಟ್ಟು ಈ ಸಿನಿಮಾ ಬಗ್ಗೆ, ಆಗೋದಾದ್ರೆ ಜೂಜೊ ಇತಾಮಿ 1985ರಲ್ಲಿ ರಾಮೆನ್ (ಜಪಾನಿನ ನೂಡಲ್ ಸೂಪ್) ಅಂಗಡಿ ಇಟ್ಕೊಂಡು ವೆಸ್ಟರ್ನ್ ಶೈಲೀಲಿ ಮಾಡಿದ ‘ತಂಪೊಪೊ’ ಬಗ್ಗೆನೂ ಸೇರಿಸಿ, ಒಂದು ಪೂರ್ತಿ ಲೇಖನ ಹಾಕ್ಸಿ. ಓದುಗರು ಮೀಕೆ ಸಿನಿಮಾ ನೋಡೋದಾದ್ರೆ ಎರಡು ಗಂಟೆಯ ಜಪಾನಿನ ಆವೃತ್ತಿನೇ ಹುಡುಕಿ ನೋಡ್ಲಿ, ಅಮೆರಿಕಕ್ಕೆ ಅಂತ ಕತ್ತರಿಸಿದ್ದು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಚಿಕ್ಕದು, ಆ ಊರಿಗೆ ಅಷ್ಟು ಹೊತ್ತು ಕೊಡ್ಲೇಬೇಕು.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ