ನಾಲ್ಕು ಗಂಟೆಯ ಸಿಹಿ ಆಸೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಸಂಜೆ ನಾಲ್ಕಾಗುತ್ತಲೇ ಕೈಕಾಲು ಸೋಲುತ್ತೆ, ಸಿಹಿ ಏನಾದರೂ ಬಾಯಿಗೆ ಬಿದ್ದರೆ ಸಾಕು ಅನ್ನಿಸುತ್ತೆ, ತೂಕ ಮಾತ್ರ ಏರ್ತಾನೇ ಇದೆ ಅಂದೆ ನೀನು. ‘ನನಗೆ ಮನಸ್ಸು ಗಟ್ಟಿ ಇಲ್ಲ’ ಅಂತಲೂ ಸೇರಿಸಿದೆ. ಆ ಮಾತು ಬಿಟ್ಟುಬಿಡು. ನಾಲ್ಕು ಗಂಟೆಯ ಆಸೆಗೆ ಬೀಜ ಬಿದ್ದಿರುವುದು ಹಿಂದಿನ ರಾತ್ರಿಯ ನಿದ್ದೆಯಲ್ಲಿ, ಬೆಳಗಿನ ತಟ್ಟೆಯಲ್ಲಿ.

ಮೊದಲು ಲೆಕ್ಕ ನೋಡು. ದಿನಕ್ಕೆ ನಾಲ್ಕು ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ಮಟ್ಟಸವಾಗಿ ತುಂಬಿದ ಟೀ ಚಮಚದಲ್ಲಿ ಸುಮಾರು 4 ಗ್ರಾಂ; ಅಲ್ಲಿಗೆ 32 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಸಕ್ಕರೆ ದಿನದ ಶಕ್ತಿಯ ಶೇ 10ರೊಳಗಿರಲಿ, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು. 2,000 ಕ್ಯಾಲೊರಿ ಊಟಕ್ಕೆ ಆ ಶೇ 5 ಅಂದರೆ 25 ಗ್ರಾಂ. ಕ್ರೀಮ್ ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬೆಲ್ಲ, ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಬೆಳಿಗ್ಗೆ ಜಾಮ್ ಸವರಿದ ಬ್ರೆಡ್ಡು, ಟೀ ಅಷ್ಟೇ ಆದರೆ ಒಂದು ಗಂಟೆಯೊಳಗೆ ರಕ್ತದ ಗ್ಲೂಕೋಸ್ ಸರ್ರನೆ ಏರುತ್ತದೆ, ಅದನ್ನು ಇಳಿಸಲು ಇನ್ಸುಲಿನ್ ಜೋರಾಗಿ ಬರುತ್ತದೆ. ಎರಡು ಮೂರು ಗಂಟೆ ಕಳೆದಾಗ ಕೆಲವರಿಗೆ ಗ್ಲೂಕೋಸ್ ತಿನ್ನುವ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಜಾರುತ್ತದೆ. ಸುಸ್ತು, ಸಿಡಿಮಿಡಿ, ಇನ್ನೊಂದು ಬಿಸ್ಕತ್ತು. ಮಧ್ಯಾಹ್ನ ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು, ಕಾಳು-ಪಲ್ಯದ ಸುಳಿವಿಲ್ಲ ಅಂದರೆ ಅದೇ ಆಟ ಮತ್ತೆ.

ಇದರ ಮೇಲೆ ಒತ್ತಡ. ಮ್ಯಾನೇಜರ ಮೇಲ್ ಕಂಡು ಎದೆ ಧಸಕ್ಕೆಂದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಬಿಡುತ್ತವೆ. ಅದರ ಅಪ್ಪಣೆಯಂತೆ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಎದ್ದು ಓಡಲು ಬೇಕಾದ ಇಂಧನ ಅದು, ನೀನೋ ಕುರ್ಚಿಯಲ್ಲೇ ಇರುತ್ತೀಯ. ತಿಂಗಳುಗಟ್ಟಲೆ ಹೀಗಾದರೆ ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಅದಕ್ಕೇ ತೂಕದ ಯಂತ್ರಕ್ಕಿಂತ ಟೇಪು ನಂಬು: ನಮ್ಮ ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ. ಸಂಜೆ ಆರಕ್ಕೆ ಕುಡಿದ ಟೀಯ ಕೆಫೀನ್ ರಾತ್ರಿ ಹನ್ನೊಂದಕ್ಕೂ ಸುಮಾರು ಅರ್ಧ ಉಳಿದಿರುತ್ತದೆ, ಆದ್ದರಿಂದ ಕೊನೆಯ ಲೋಟ ಮೂರರೊಳಗೆ ಮುಗಿಯಲಿ.

ನಾಳೆಯಿಂದ ಸಕ್ಕರೆ ಪೂರ್ತಿ ಬಂದ್ ಅಂತ ಶಪಥ ಮಾಡಬೇಡ. ಎಲ್ಲರೂ ಎಡವುವುದು ಅಲ್ಲೇ. ಸಕ್ಕರೆಯ ಜೊತೆ ಟೀಯನ್ನೂ ನಿಲ್ಲಿಸುತ್ತಾರೆ, ಕೆಫೀನ್ ಸಿಗದೆ ತಲೆ ಸಿಡಿಯುತ್ತದೆ, ದೋಷ ಸಕ್ಕರೆಯ ತಲೆಗೆ ಬೀಳುತ್ತದೆ, ಶನಿವಾರ ಬೇಕರಿಗೆ ನುಗ್ಗುತ್ತಾರೆ. ಟೀ ಇರಲಿ. ಈ ವಾರ ಲೋಟಕ್ಕೆ ಒಂದೂವರೆ ಚಮಚ, ಮುಂದಿನ ವಾರ ಒಂದು, ಅದರ ಮುಂದಿನ ವಾರ ಅರ್ಧ. ನಾಲಿಗೆ ಹೊಂದಿಕೊಳ್ಳುತ್ತದೆ.

ಬೆಳಿಗ್ಗೆ ಎರಡು ಮೊಟ್ಟೆ ತಿನ್ನು, ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಟ್ಟೆ ಬೇಡದ ದಿನ ಹೆಸರುಬೇಳೆ ದೋಸೆ, ಇಲ್ಲವೇ ಉಪ್ಪಿಟ್ಟಿನ ಜೊತೆ ಒಂದು ಬಟ್ಟಲು ಕಾಳು ಉಸಲಿ. ಮೂರೂವರೆಗೆ, ಆಸೆ ಏಳುವ ಮೊದಲೇ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಸೀಬೆಹಣ್ಣು. ನಾಲ್ಕೂವರೆವರೆಗೆ ಕಾದರೆ ಕೈ ಬಿಸ್ಕತ್ತಿಗೇ ಹೋಗುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ನಡೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಮೀಟಿಂಗಿಗೆ ಮೊದಲು ಐದು ನಿಮಿಷ, ನಾಲ್ಕು ಎಣಿಸುವಷ್ಟು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ.

ಇಷ್ಟೆಲ್ಲ ಮಾಡುವ ಮುಂಚೆಯೇ ಒಮ್ಮೆ ಡಾಕ್ಟರ ಹತ್ತಿರ ಹೋಗು. ಸುಸ್ತಿಗೆಲ್ಲ ಸಕ್ಕರೆಯೇ ಕಾರಣವಾಗಿರಬೇಕಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಬಗ್ಗೆ ಕೇಳು. ಎಚ್‌ಬಿಎ1ಸಿ ಶೇ 5.7ರಿಂದ 6.4ರ ನಡುವೆ ಬಂದರೆ ಮಧುಮೇಹದ ಮುನ್ನಿನ ಹಂತ ಅನ್ನುತ್ತಾರೆ. ಆದರೆ ಕಬ್ಬಿಣದ ಕೊರತೆಯಿದ್ದರೆ ಆ ಸಂಖ್ಯೆ ಸುಳ್ಳೇ ಏರಿ ತೋರಿಸಬಹುದು, ಹಾಗಾಗಿ ಎರಡನ್ನೂ ಒಟ್ಟಿಗೇ ನೋಡಬೇಕು. ಮುಟ್ಟು ಏರುಪೇರಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ಬೇಸರ ಎರಡು ವಾರ ಕಳೆದರೂ ಬಿಡದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಹುರಿದ ಕಡಲೆಕಾಯಿ ಬೀಜ ಎರಡು ಡಬ್ಬಿ ಕಳಿಸುತ್ತಿದ್ದೇನೆ. ಒಂದು ಆಫೀಸಿನ ಡ್ರಾಯರಿನಲ್ಲಿರಲಿ. ರಿಪೋರ್ಟ್ ಬಂದ ದಿನವೇ ಫೋಟೊ ಕಳಿಸು.

ನಿನ್ನ
ಅಮ್ಮ