ನೆಲ್ಲಿನ ಸೀಜನ್ ದಾಟಿಸಿದ ಎಲ್ಲರಿಗೂ, ಮಿಲ್ಲಿನ ಆಫೀಸಿನಿಂದ

ಎಲ್ಲರಿಗೂ ಶರಣು.

ಕಾರಟಗಿ ಸುತ್ತಿನ ಮುಂಗಾರು ನೆಲ್ಲು ಬರೋದು ಮುಗಿದಿದೆ. ಖರೀದಿ ಪಟ್ಟಿಗಳೆಲ್ಲ ಲೆಕ್ಕಕ್ಕೆ ಏರಿವೆ, ರೈತರ ಬಾಕಿ ಉಳಿದಿಲ್ಲ, ತೆರಿಗೆ ರಿಟರ್ನ್ ಯಾವುದೂ ತಪ್ಪಿಲ್ಲ. ಇದಕ್ಕೆ ಆಫೀಸಿನಲ್ಲಿ ಕೂತ ಮೂವರೇ ಕಾರಣ ಅಂದುಕೊಂಡರೆ ತಪ್ಪಾಗುತ್ತದೆ. ಸುಗ್ಗಿ ಏರಿದಾಗ ಕೆಲಸ ಕೈಮೀರಿತ್ತು. ಭಾರ ಇಳಿಸಿರಿ ಅಂತ ಮಿಲ್ಲಿನ ಮಾಲೀಕರಾದ ಸಾಹುಕಾರರಿಗೆ ಒಂದು ಹಾಳೆಯಲ್ಲಿ ಬರೆದು ಕೇಳಿದೆವು, ಅವರು ಕೊಟ್ಟರು, ಹೊರಗಿನವರೂ ಹೆಗಲು ಕೊಟ್ಟರು. ಯಾರಿಂದ ಯಾವ ಭಾರ ಇಳಿಯಿತು ಅನ್ನೋದನ್ನು ಬಿಡಿಸಿಯೇ ಹೇಳುತ್ತೇವೆ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಮಿಲ್ಲುಗಳ ಗುಮಾಸ್ತರಿಗೂ ಇದರಿಂದ ಉಪಯೋಗ ಆದೀತು.

ಮೊದಲ ಶರಣು ಸಾಹುಕಾರರಿಗೆ, ಕೊಟ್ಟ ಹಾಳೆಯನ್ನು ಪೂರ್ತಿ ಓದಿದ್ದಕ್ಕೆ. ಒಂದೇ ಹಾಳೆ, ಐದು ಕಲಂ: ಕೆಲಸ ಯಾವುದು, ಯಾವ ಹೊತ್ತಿಗೆ ಬಂದು ಬೀಳುತ್ತದೆ, ಒಂದಕ್ಕೆ ಎಷ್ಟು ನಿಮಿಷ, ದಿನಕ್ಕೆ ಎಷ್ಟು ಬರುತ್ತವೆ, ತಡವಾದರೆ ಯಾರಿಗೆ ಏನು ನಷ್ಟ. ಗಡಿಯಾರ ನೋಡಿ ಅಳೆದಾಗ ಒಂದು ಗಾಡಿ ನೆಲ್ಲಿನ ಕಾಗದಕ್ಕೆ 18 ನಿಮಿಷ ಹಿಡಿಯುತ್ತಿತ್ತು. ಕಾಟಾದವರು (ಗಾಡಿ ತೂಗುವವರು) ಒಮ್ಮೆ ಟೈಪ್ ಮಾಡಿದ್ದನ್ನೇ ಆಫೀಸಿನಲ್ಲಿ ಇನ್ನೊಮ್ಮೆ ಟೈಪ್ ಮಾಡಲು 5 ನಿಮಿಷ. ರೈತರ ಖಾತೆ ನಂಬರು ಹುಡುಕಿ ಸರಿಮಾಡಲು 4. ಪಟ್ಟಿ ಬರೆದು ದುಡ್ಡು ಹಾಕುವ ನಿಜವಾದ ಕೆಲಸಕ್ಕೆ ಉಳಿದದ್ದು 9. ದಿನಕ್ಕೆ 40 ಗಾಡಿ ಬಂದರೆ 720 ನಿಮಿಷ, ಅಂದರೆ ಹನ್ನೆರಡು ಗಂಟೆ. ‘ಮೂರು ಮಂದಿ ಇದ್ದೀರಲ್ಲ, ಹಂಚಿಕೊಳ್ರಿ’ ಅನ್ನುವ ಮಾತಿಗೂ ಹಾಳೆಯಲ್ಲೇ ಉತ್ತರ ಇತ್ತು: ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಸಿಲ್ವರ್ ಲೈಸೆನ್ಸಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಎಂಟ್ರಿ ಮಾಡಬಹುದು. ಉಳಿದಿಬ್ಬರು ಚೀಟಿ ಹಿಡಿದು ಕಾಯಬೇಕು. ಗೋಲ್ಡ್ ಲೈಸೆನ್ಸ್ ತೆಗೆದುಕೊಂಡರೆ ಮೂವರೂ ಒಟ್ಟಿಗೆ ಕೂಡಬಹುದು. ಇದನ್ನು ಅವರು ಕೇಳಿದ ದಿನವೇ ಒಪ್ಪಿದರು.

ಕೆಲಸ ಮಾಡಿಕೊಟ್ಟದ್ದು ಐದನೆಯ ಕಲಂ. ‘ನಮಗೆ ಸಾಕಾಗೈತ್ರಿ’ ಅಂತ ಬರೆದರೆ, ಸೀಜನ್ನಿನಾಗ ಯಾರಿಗೆ ಸಾಕಾಗಿಲ್ಲ ಅನ್ನುವ ಉತ್ತರ ತಯಾರಾಗಿ ಇರುತ್ತದೆ, ಅದು ಸುಳ್ಳೂ ಅಲ್ಲ. ಬದಲಿಗೆ ತಾರೀಖು ಬರೆದೆವು. ತಿಂಗಳ 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಹಿಡಿದ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್ಲುಗಳ ರಿಟರ್ನ್ ಜಿಎಸ್‌ಟಿಆರ್-1, 15ಕ್ಕೆ ಕೆಲಸಗಾರರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ. ನೆಲ್ಲು ಬರುವ ತಿಂಗಳ ಮೊದಲ ಮೂರು ವಾರದಲ್ಲೇ ಈ ನಾಲ್ಕೂ ಬಂದು ಕೂಡುತ್ತವೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ. ಅದು ದೊಡ್ಡದಲ್ಲ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ ದೊಡ್ಡದು. ಅದಕ್ಕಿಂತ ದೊಡ್ಡ ಪೆಟ್ಟು ಜಿಎಸ್‌ಟಿಆರ್-1 ತಪ್ಪಿದರೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಇದೆ. (26 ಕೆಜಿ ಚೀಲ ಹುಟ್ಟಿದ್ದು ಈ ತೆರಿಗೆಯಿಂದ ತಪ್ಪಿಸಿಕೊಳ್ಳೋದಕ್ಕೇ.) ನಮ್ಮ ಬಿಲ್ಲು ಪೋರ್ಟಲಿಗೆ ಏರದಿದ್ದರೆ ಖರೀದಿದಾರರಿಗೆ ಆ ತಿಂಗಳ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಸಿಗೋದಿಲ್ಲ, ಮುಂದಿನ ಲೋಡಿನ ದುಡ್ಡನ್ನು ಅವರು ಹಿಡಿಯುತ್ತಾರೆ. ಸಾಹುಕಾರರು ಬೆರಳಿಟ್ಟು ಎರಡು ಸಲ ಓದಿದ್ದು ಈ ಸಾಲನ್ನೇ.

ಕೇಳಿದ ಕ್ರಮವನ್ನೂ ಹೇಳಬೇಕು. ಮೊದಲು ತೆಗೆಯಬಹುದಾದ ಕೆಲಸ, ಆಮೇಲೆ ಹೊತ್ತು ಬದಲಿಸಬಹುದಾದ ಕೆಲಸ, ಕೊನೆಗೆ ಆಳು. ಮೊದಲೇ ಆಳು ಕೇಳಿದರೆ ಸಂಬಳದ ಮಾತು ಬಂದು ಉಳಿದದ್ದೆಲ್ಲ ಅಲ್ಲಿಗೇ ನಿಲ್ಲುತ್ತದೆ. ಸೀಜನ್ ಭತ್ಯೆ ಕೇಳೋಣ ಅನ್ನುವ ಮಾತೂ ನಮ್ಮೊಳಗೆ ಬಂದಿತ್ತು. ಹಾಳೆಯಲ್ಲಿ ಅದನ್ನು ಹಾಕಲಿಲ್ಲ; ಹೆಚ್ಚು ದುಡ್ಡು ತಗೊಂಡ ಮೇಲೆ ಹೆಚ್ಚು ಕೆಲಸಕ್ಕೆ ಒಪ್ಪಿದಂಗೇ ಆಯಿತು, ಗಂಟೆ ಕಡಿಮೆ ಆಗೋದಿಲ್ಲ. ಕಾರ್ಖಾನೆ ಕೆಲಸಕ್ಕೆ ವಾರಕ್ಕೆ 48 ಗಂಟೆಯ ಮಿತಿ ಇದೆ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಅನ್ನುವ ಕಾನೂನಿದೆ. ಅದನ್ನು ಕೊನೆಯ ಸಾಲಿನಲ್ಲಿ, ಬೆದರಿಕೆಯ ಧಾಟಿ ಇಲ್ಲದೆ ಬರೆದೆವು. ಬರೆಯದೆ ಬಿಡುವುದೂ ಸರಿಯಲ್ಲ.

ದಿನ ಆರಿಸಿಕೊಟ್ಟದ್ದು ಮ್ಯಾನೇಜರ್ ಅಣ್ಣ. ಅಮಾವಾಸ್ಯೆ ದಿನ ನಮ್ಮಲ್ಲಿ ಹಮಾಲರು ಚೀಲ ಎತ್ತೋದಿಲ್ಲ, ಕಾಟಾ ಪೂಜೆ ಆದಮೇಲೆ ಸಾಹುಕಾರರು ಆಫೀಸಿನಲ್ಲಿ ಬಿಡುವಾಗಿ ಕೂಡುತ್ತಾರೆ. ದಲಾಲರು ಎದುರಿಗೆ ಕೂತು ತೇವಾಂಶದ ಜಗಳ ಹಚ್ಚಿರುವ ಹೊತ್ತಿನಲ್ಲಿ ಇದೇ ಹಾಳೆ ಕೊಟ್ಟಿದ್ದರೆ ಅದು ಟೀ ಲೋಟದ ಅಡಿಗೆ ಹೋಗುತ್ತಿತ್ತು.

ಕಾಟಾದ ತಮ್ಮನಿಗೆ ದೊಡ್ಡ ಕೃತಜ್ಞತೆ. ಕಾಟಾದ ಕಂಪ್ಯೂಟರಿನಿಂದ ಚೀಟಿ ನಂಬರು, ಗಾಡಿ ನಂಬರು, ಭರ್ತಿ ತೂಕ, ಖಾಲಿ ತೂಕ, ನಿವ್ವಳ, ಇಷ್ಟನ್ನೂ ಎಕ್ಸೆಲ್ ಫೈಲ್ ಮಾಡಿ ತೆಗೆಯಬಹುದು. ಮೊದಮೊದಲು ಅದು ಹೊಂದಲಿಲ್ಲ. ಕೆಎ 37 ಅನ್ನೋದನ್ನ ಒಬ್ಬರು ಜಾಗ ಬಿಟ್ಟು, ಇನ್ನೊಬ್ಬರು ಅಡ್ಡಗೆರೆ ಹಾಕಿ, ಮತ್ತೊಬ್ಬರು ಕೂಡಿಸಿ ಟೈಪ್ ಮಾಡುತ್ತಿದ್ದರು. ಕಂಪ್ಯೂಟರಿಗೆ ಅವು ಮೂರು ಬೇರೆ ಗಾಡಿಗಳು. ಜಾಗ, ಗೆರೆ ಯಾವುದೂ ಬೇಡ, ಎಲ್ಲ ಕೂಡಿಸಿಯೇ ಬರೀಬೇಕು ಅಂತ ಅವನು ಕಾಟಾದ ಕಿಟಕಿಗೆ ಚೀಟಿ ಅಂಟಿಸಿ, ರಾತ್ರಿ ಪಾಳಿಯವರಿಂದಲೂ ಪಾಲನೆ ಮಾಡಿಸಿದ. ಆ 5 ನಿಮಿಷ ಅಲ್ಲಿಗೆ ಹೋಯಿತು. ಚೀಲಕ್ಕೆ 75 ಕೆಜಿಯಂತೆ ನಿವ್ವಳವನ್ನು ಭಾಗಿಸಿ ಚೀಲದ ಲೆಕ್ಕ ತೆಗೆಯುವುದನ್ನೂ ಈಗ ಫೈಲೇ ಮಾಡುತ್ತದೆ: 9,000 ಕೆಜಿಗೆ 120 ಚೀಲ.

ಉಳಿದ 4 ನಿಮಿಷ ತೆಗೆದವರು ದಲಾಲಿ ಅಂಗಡಿಯವರು. ಗಾಡಿಯ ಜೊತೆಗೇ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸುತ್ತೇವೆ ಅಂತ ಒಪ್ಪಿಕೊಂಡರು, ಕಳಿಸಿದರು. ರೈತರ ಖಾತೆಗೆ ಹಾಕಿದ ದುಡ್ಡು ವಾಪಸ್ ಬರೋದಕ್ಕೆ ಮುಖ್ಯವಾಗಿ ಮೂರು ಕಾರಣ. ಒಂದು, ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿಯ ಹನ್ನೊಂದು ಅಕ್ಷರದಲ್ಲಿ ಐದನೆಯದು ಸೊನ್ನೆ, ಅದನ್ನು ‘ಓ’ ಅಂತ ಟೈಪ್ ಮಾಡುವುದು. ಎರಡನೆಯದು ಹಳೇ ಕೋಡ್: ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ. ಎಷ್ಟೋ ಮನೆಯಲ್ಲಿ ಇನ್ನೂ ಹಳೇ ಪಾಸ್‌ಬುಕ್ಕೇ ಇದೆ, ಅದರ ಎಸ್‌ವೈಎನ್‌ಬಿ ಕೋಡ್ ನಡೆಯೋದಿಲ್ಲ. ಮೂರನೆಯದು ಯಾರ ಕಣ್ಣಿಗೂ ಬೀಳದ್ದು: ಪೂರ್ತಿ ಕೆವೈಸಿ ಆಗದ ಸಣ್ಣ ಖಾತೆಗೆ ವರ್ಷದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗೋದಿಲ್ಲ. 120 ಚೀಲದ ದುಡ್ಡು ಒಂದೇ ಏಟಿಗೆ ಆ ಮಿತಿ ದಾಟುತ್ತದೆ. ರೈತರು ನಮ್ಮ ಮೇಲೆ ಸಿಟ್ಟಾಗುತ್ತಾರೆ, ತೊಡಕು ಇರೋದು ಬ್ಯಾಂಕಿನಲ್ಲಿ. ಅಂಥವರನ್ನು ಆಧಾರ್, ಪ್ಯಾನ್ ಕೊಟ್ಟು ಬ್ಯಾಂಕಿಗೆ ಕರೆದುಕೊಂಡು ಹೋದ ದಲಾಲರ ಹುಡುಗರಿಗೂ ಶರಣು.

ಒಂದು ಗಾಡಿಗೆ 9 ನಿಮಿಷ ಅಂದರೆ 40 ಗಾಡಿಗೆ ಆರು ಗಂಟೆ. ಅದು ಒಂದು ದಿನದೊಳಗೆ ಮುಗಿಯುವ ಕೆಲಸ.

ಹೊತ್ತು ಬದಲಿಸಲು ಒಪ್ಪಿದ ರೈತರಿಗೆ, ಹಮಾಲರ ಮೇಸ್ತ್ರಿಗೆ ಎಷ್ಟು ಹೇಳಿದರೂ ಕಡಿಮೆ. ಸಂಜೆ 6ರ ನಂತರ ಬಂದ ಗಾಡಿಯ ಪಟ್ಟಿ ಮರುದಿನ ಬೆಳಿಗ್ಗೆ ಅನ್ನುವ ನಿಯಮ ಅವರಿಗೆ ಮೊದಲು ಹಿಡಿಸಲಿಲ್ಲ. ಅವರ ಹೆದರಿಕೆ ನ್ಯಾಯವಾದದ್ದೇ: ರಾತ್ರಿ ಕಳೆದರೆ ತೂಕದಲ್ಲಿ, ರೇಟಿನಲ್ಲಿ ಮಾತು ಬದಲಾದರೆ? ಹಾಗಾಗಿ ತೂಕ, ತೇವಾಂಶ, ರೇಟು ಮೂರನ್ನೂ ಸಂಜೆಯೇ ಕಾಟಾ ಚೀಟಿಯ ಮೇಲೆ ಬರೆದು, ರೈತರ ಮತ್ತು ಮೇಸ್ತ್ರಿಯ ಸಹಿ ಹಾಕಿಸಿದೆವು. ಸ್ಯಾಂಪಲ್ಲನ್ನು ಗಾಡಿಯ ಮುಂದೆ, ನಡುವೆ, ಹಿಂದೆ ಮೂರು ಕಡೆಯಿಂದ, ಮೇಲಿನ ಪದರ ಸರಿಸಿ ಕೈ ಒಳಗೆ ಹಾಕಿ ತೆಗೆಯಬೇಕು. ಮೇಲಿನದು ಬಿಸಿಲಿಗೆ ಒಣಗಿರುತ್ತದೆ. ಮಷಿನ್ ಕೊಯ್ಲಿನ ಬಿಸಿ ನೆಲ್ಲನ್ನು ಹಾಗೇ ಮೀಟರಿಗೆ ಹಾಕಿದರೆ ಸರಿಯಾದ ಅಂಕಿ ಬರೋದಿಲ್ಲ, ಹರವಿ ಆರಿಸಬೇಕು. ಉಳಿಸಿದ ಸ್ಯಾಂಪಲ್ಲನ್ನು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಕು. ಬಟ್ಟೆ ಚೀಲದಲ್ಲಿ ಇಟ್ಟರೆ ಬೆಳಿಗ್ಗೆಗೆ ತೇವ ಹಾರಿ, ಚೀಟಿಯಲ್ಲಿ ಒಂದು, ಮೀಟರಿನಲ್ಲಿ ಇನ್ನೊಂದು ಆಗುತ್ತದೆ, ಜಗಳ ಹೊಸದಾಗಿ ಶುರು. ಇಷ್ಟೆಲ್ಲ ಅವರ ಕಣ್ಣೆದುರೇ ನಡೆದ ಮೇಲೆ ರಾತ್ರಿ ಹನ್ನೊಂದರ ತನಕ ಆಫೀಸಿನ ದೀಪ ಉರಿಯುವ ಅಗತ್ಯ ಬೀಳಲಿಲ್ಲ.

ಸೀಜನ್ ಮಟ್ಟಿಗೆ ಕೆಲಸಕ್ಕೆ ಬಂದ ತಂಗಿಗೆ ಒಂದೇ ಕೆಲಸ ಕೊಟ್ಟಿದ್ದೆವು, ಫೋನು. ‘ದುಡ್ಡು ಬಿತ್ತೇನ್ರೀ?’ ಅನ್ನುವ ಒಂದು ಕರೆ ಎರಡೇ ನಿಮಿಷದ್ದು, ಆದರೆ ಎಂಟ್ರಿ ಮಾಡುವವರು ಎದ್ದು ಬಂದು ಮತ್ತೆ ಕೂತಾಗ ಯಾವ ಸಾಲಿನಲ್ಲಿದ್ದರು ಅನ್ನೋದೇ ಮರೆತಿರುತ್ತದೆ. ದುಡ್ಡು ಹಾಕಿದ ಕೂಡಲೇ ಯುಟಿಆರ್ ನಂಬರನ್ನು (ಬ್ಯಾಂಕ್ ಪಾವತಿಯ ಗುರುತಿನ ನಂಬರು) ಅವಳು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಅದು ಕೈಯಲ್ಲಿದ್ದರೆ ರೈತರು ತಮ್ಮ ಬ್ಯಾಂಕಿನಲ್ಲೇ ವಿಚಾರಿಸಬಹುದು. ಕರೆಗಳು ತಾವಾಗಿಯೇ ಇಳಿದವು. ಹೊಸಬರಿಗೆ ಸುಗ್ಗಿಯ ನಡುವೆ ಟ್ಯಾಲಿ ಕಲಿಸಲು ಹೋಗಬಾರದು. ಕಲಿಸುವವರ ಕೆಲಸವೂ ನಿಲ್ಲುತ್ತದೆ.

ಆಡಿಟರ್ ಸರ್ ಎರಡು ತಿಂಗಳ ಜಿಎಸ್‌ಟಿ ರಿಟರ್ನುಗಳನ್ನು ತಮ್ಮ ಆಫೀಸಿನಲ್ಲೇ ಮಾಡಿಸಿದರು, ಅದರ ಫೀಸನ್ನು ಸಾಹುಕಾರರು ಕೊಟ್ಟರು. 5ನೇ ತಾರೀಖಿನೊಳಗೆ ಮಾರಾಟದ ರಿಜಿಸ್ಟರ್ ಅವರಿಗೆ ಮುಟ್ಟಿಸುವುದಷ್ಟೇ ನಮ್ಮ ಪಾಲಿಗೆ ಉಳಿಯಿತು.

ಕೇಳಿದ್ದೆಲ್ಲ ಸಿಗಲಿಲ್ಲ. ಕಾಯಂ ಹುದ್ದೆ ಈ ವರ್ಷ ಬೇಡ ಅಂದರು. ಭಾನುವಾರ ಆಫೀಸು ಪೂರ್ತಿ ಮುಚ್ಚುವುದಕ್ಕೂ ಒಪ್ಪಲಿಲ್ಲ. ಬದಲಿಗೆ ವಾರಕ್ಕೆ ಒಬ್ಬೊಬ್ಬರಿಗೆ ಒಂದು ದಿನ ಸರದಿ ರಜೆ ಬಂತು. ರಜೆಯಲ್ಲಿ ಇರುವವರಿಗೆ ಮಿಲ್ಲಿನಿಂದ ಫೋನ್ ಹೋಗಬಾರದು ಅಂತ ಮ್ಯಾನೇಜರ್ ಅಣ್ಣ ಕಟ್ಟುನಿಟ್ಟು ಮಾಡಿದ್ದರಿಂದಲೇ ಅದು ರಜೆ ಅನ್ನಿಸಿಕೊಂಡಿತು. ಊಟದ ಡಬ್ಬಿ ಎರಡೆರಡು ಹೊತ್ತು ಕಳಿಸಿದ ಮನೆಯವರಿಗೆ ಶರಣು. ನಿದ್ದೆ ಹಾರಿಹೋಗಿ, ಎದೆ ಬಡಿದುಕೊಂಡು, ಯಾರಿಗೆ ಹೇಳಬೇಕೋ ತಿಳಿಯದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ, ದುಡ್ಡು ತಗೊಳ್ಳೋದಿಲ್ಲ.

ಐದು ಕಲಮ್ಮಿನ ಖಾಲಿ ಹಾಳೆ ಬೇಕಾದವರು ಬಂದು ಝೆರಾಕ್ಸ್ ಮಾಡಿಸಿಕೊಳ್ಳಿ. ನಿಮಿಷದ ಕಲಂ ಮಾತ್ರ ನಿಮ್ಮ ಮಿಲ್ಲಿನಲ್ಲೇ ಅಳೆದು ತುಂಬಿರಿ, ಅದೂ ಗಾಡಿ ಹೆಚ್ಚಿರುವ ದಿನ. ನಮ್ಮ ಅಂಕಿ ನಿಮ್ಮ ಸಾಹುಕಾರರ ಮುಂದೆ ನಿಲ್ಲೋದಿಲ್ಲ.